ಕೆಳಗಿನ ತುರಿಕೆಗೆ ಅಯೋಡಿನ್ ನೀರು, ಯಾರಾದರೂ ಬಳಸಿದ್ದೀರಾ?

ಮಲಪ್ರಭಾ ದಂಡೆ:
ಎಲ್ಲರಿಗೂ ನಮಸ್ಕಾರ. ಹೆಸರು ಹಾಕದೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಸವದತ್ತಿ ಕಡೆಯವಳು. ಕೆಲ ದಿನದಿಂದ ಕೆಳಗೆ ವಿಪರೀತ ತುರಿಕೆ, ಬಿಳಿ ಸೆರಗು ಕೂಡ ಹೋಗುತ್ತಿದೆ. ರಾತ್ರಿ ನಿದ್ದೆ ಇಲ್ಲ. ಪಕ್ಕದ ಮನೆ ವೈನಿ ಹೇಳಿದರು, ಗಾಯಕ್ಕೆ ಹಚ್ಚುವ ಕಂದು ಔಷಧಿ ಇದೆಯಲ್ಲ, ಅದನ್ನು ಎರಡು ಮುಚ್ಚಳ ಬೆಚ್ಚಗಿನ ನೀರಿಗೆ ಹಾಕಿ ಒಳಗೆಲ್ಲ ತೊಳೆದುಕೋ, ಎರಡು ದಿನದಲ್ಲಿ ಹೋಗುತ್ತದೆ ಅಂತ. ಅವರಿಗೆ ಸಿಸೇರಿಯನ್ ಆದಾಗ ಆಸ್ಪತ್ರೆಯಲ್ಲಿ ಇದೇ ಔಷಧಿಯಿಂದ ಒಳಗೆ ಒರೆಸಿದ್ದರಂತೆ. ಆಸ್ಪತ್ರೆಯವರೇ ಹಾಕುತ್ತಾರೆ ಅಂದ ಮೇಲೆ ಮನೆಯಲ್ಲಿ ಹಾಕಿದರೆ ತಪ್ಪೇನು ಅನ್ನುವುದು ಅವರ ವಾದ. ಬಾಟಲಿ ತಂದು ಇಟ್ಟಿದ್ದೇನೆ, ಇನ್ನೂ ಮುಚ್ಚಳ ತೆಗೆದಿಲ್ಲ. ಮೆಡಿಕಲ್‌ನಲ್ಲಿ ಯಾಕೆ ಬೇಕು ಅಂತ ಕೇಳಲೂ ಇಲ್ಲ, ಕೊಟ್ಟುಬಿಟ್ಟರು. ನಮ್ಮೂರಲ್ಲಿ ಇರುವ ಡಾಕ್ಟರು ಗಂಡಸರು. ಬೆಳಗಾವಿಗೆ ಹೋಗಬೇಕು ಅಂದರೆ ಅತ್ತೆಗೆ ಕಾರಣ ಹೇಳಬೇಕು. ಅನುಭವ ಇದ್ದವರು ಹೇಳಿ.

ಕರದಂಟು ಪ್ರೇಮಿ:
ಧೈರ್ಯವಾಗಿ ಬಳಸಿ. ನಾನು ವರ್ಷಗಳಿಂದ ಬಳಸುತ್ತಿದ್ದೇನೆ. ತುರಿಕೆ ಶುರುವಾದ ಕೂಡಲೇ ನೀರಿಗೆ ಹಾಕಿ ತೊಳೆದರೆ ಆಯಿತು. ನಮ್ಮ ಗೋಕಾಕದಲ್ಲಿ ಎಷ್ಟೋ ಮಂದಿ ಮಾಡುತ್ತಾರೆ. ಏನೂ ಆಗಲ್ಲ. ಡಾಕ್ಟರ ಹತ್ತಿರ ಹೋದರೆ ಮೊದಲು ಸ್ಕ್ಯಾನಿಂಗ್ ಅಂತಾರೆ, ಆಮೇಲೆ ಗರ್ಭಚೀಲ ತೆಗೆಸಿ ಅಂತಾರೆ.

ಟೋಪತೆನಿ:
ಒಳಗೆ ಹಾಕಬೇಡಿ ತಂಗಿ. ದಯವಿಟ್ಟು.

ಬಿಳಿಜೋಳ:
ಮೊದಲು ಬಾಟಲಿ ಯಾವುದು ಅಂತ ಓದಿ. ಅಯೋಡಿನ್ ಅಂತ ಎಲ್ಲರೂ ಒಂದೇ ಹೆಸರಲ್ಲಿ ಕರೆಯುತ್ತಾರೆ, ಒಳಗಿರುವುದು ಬೇರೆ ಬೇರೆ. ನಮ್ಮಪ್ಪನ ಕಾಲದ ಟಿಂಕ್ಚರ್ ಅಯೋಡಿನ್ ಆಲ್ಕೋಹಾಲಿನಲ್ಲಿ ಕರಗಿಸಿದ್ದು. ಮೊಣಕಾಲು ಕೆತ್ತಿದಾಗ ಹಚ್ಚಿದರೆ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆವು. ಅದನ್ನು ಅಲ್ಲಿಗೆ ಹಾಕಿದರೆ ದೇವರೇ ಗತಿ. ಈಗ ಸಿಗುವುದು ಪೊವಿಡೋನ್ ಅಯೋಡಿನ್, ಯಾವ ಕಂಪನಿಯದ್ದಾದರೂ ಜನ ಬೆಟಾಡಿನ್ ಅಂತಲೇ ಅನ್ನುತ್ತಾರೆ. ಇದು 1955ರಲ್ಲಿ ಅಮೆರಿಕದಲ್ಲಿ ತಯಾರಾದದ್ದು, ಅಯೋಡಿನ್ ಒಂದೇ ಸಲ ಹೊರಗೆ ಬರದೆ ಸ್ವಲ್ಪ ಸ್ವಲ್ಪ ಬಿಡುಗಡೆ ಆಗುತ್ತದೆ, ಅದಕ್ಕೇ ಉರಿ ಕಡಿಮೆ. ಇದರಲ್ಲೂ 5 ಪರ್ಸೆಂಟು, 10 ಪರ್ಸೆಂಟು ಅಂತ ಇದೆ. ಬಾಯಿ ಮುಕ್ಕಳಿಸುವ 2 ಪರ್ಸೆಂಟಿನದ್ದು ಬೇರೆ. ಸರ್ಜನ್‌ಗಳು ಕೈ ತೊಳೆಯುವ 7.5 ಪರ್ಸೆಂಟಿನ ಸ್ಕ್ರಬ್ ಅಂತೂ ಸೋಪಿನ ನೊರೆ ಬೆರೆಸಿದ್ದು. ಎರಡು ಮುಚ್ಚಳ ಅಂದರೆ ಯಾವುದರ ಮುಚ್ಚಳ?

ಕರದಂಟು ಪ್ರೇಮಿ:
ಗಾಯದ್ದೇ ರೀ. ಪಾಠ ಬೇಡ, ಅವರಿಗೆ ತುರಿಕೆ ಆಗುತ್ತಿದೆ.

ರಾತ್ರಿಪಾಳಿ ಸಿಸ್ಟರ್:
ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು ನಾನು, ಬಾಗಲಕೋಟೆ. ಆ ವೈನಿ ಹೇಳಿದ್ದು ಸುಳ್ಳಲ್ಲ. ಸಿಸೇರಿಯನ್‌ಗೆ ಮೊದಲು ಯೋನಿಯನ್ನು ಪೊವಿಡೋನ್ ಅಯೋಡಿನ್‌ನಿಂದ ಒರೆಸುತ್ತೇವೆ. ಆಮೇಲೆ ಗರ್ಭಚೀಲಕ್ಕೆ ನಂಜು ಏರುವುದು ಅದರಿಂದ ಕಡಿಮೆಯಾಗುತ್ತದೆ. ಆದರೆ ಅಲ್ಲಿ ಹೊಟ್ಟೆ ಕೊಯ್ಯುತ್ತಿದ್ದಾರೆ, ಆ ಹೊತ್ತಿಗೆ ಅಲ್ಲಿರುವ ಎಲ್ಲ ಕ್ರಿಮಿಗಳನ್ನೂ ಕೊಲ್ಲಬೇಕು. ಒಂದೇ ಸಲ ಒರೆಸಿ ಬಿಡುತ್ತಾರೆ. ದಿನಾ ಬೆಳಿಗ್ಗೆ ಮನೆಯಲ್ಲಿ ತೊಳೆಯುವುದು ಬೇರೆ ಲೆಕ್ಕ.

ಒಳಗಡೆ ಒಳ್ಳೆಯ ಕ್ರಿಮಿಗಳೂ ಇರುತ್ತವೆ, ಲ್ಯಾಕ್ಟೋಬ್ಯಾಸಿಲಸ್ ಅಂತ. ಅವು ಹುಳಿ ಮಾಡಿ ಇಡುತ್ತವೆ, ಪಿಎಚ್ 3.8ರಿಂದ 4.5ರ ಆಸುಪಾಸು. ಆ ಹುಳಿಯಲ್ಲಿ ಕೆಟ್ಟ ಕ್ರಿಮಿ ಬೆಳೆಯುವುದು ಕಷ್ಟ. ಅಯೋಡಿನ್‌ಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗಲ್ಲ, ಕೊಯ್ಲಿನವರು ಕಳೆ ಜೊತೆ ಬೆಳೆಯನ್ನೂ ಕೊಯ್ದ ಹಾಗೆ ಎಲ್ಲವನ್ನೂ ಎತ್ತಿಬಿಡುತ್ತದೆ. ಎರಡು ದಿನ ಹಾಯಾಗಿರುತ್ತದೆ, ಮೂರನೇ ದಿನಕ್ಕೆ ವಾಸನೆ ಶುರು. ಆಗ ಮತ್ತೆ ತೊಳೆಯುತ್ತಾರೆ. ಒಳಗೆ ನೀರು ಹೊಡೆದು ತೊಳೆಯುವ ಅಭ್ಯಾಸ ಇರುವವರಲ್ಲಿ ಸೋಂಕು ಜಾಸ್ತಿ, ಮೇಲೆ ಗರ್ಭಚೀಲ, ನಾಳಕ್ಕೆ ಹತ್ತುವುದೂ ಜಾಸ್ತಿ. ಯೋನಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಹೊರಗೆ ಮಾತ್ರ ಬರೀ ನೀರು ಸಾಕು.

ಮಲಪ್ರಭಾ ಅವರೇ, ಇಷ್ಟು ಹೇಳಿ. ಬಿಳಿ ಹೇಗಿದೆ, ಒಡೆದ ಹಾಲಿನ ಹಾಗೆ ಗಟ್ಟಿಯೋ, ತೆಳ್ಳಗೆ ಬೂದಿ ಬಣ್ಣವೋ, ನೊರೆ ನೊರೆಯಾಗಿ ಹಳದಿ ಹಸಿರೋ? ಮೀನಿನ ವಾಸನೆ ಇದೆಯಾ? ಸಕ್ಕರೆ ಕಾಯಿಲೆ? ಇತ್ತೀಚೆಗೆ ಆಂಟಿಬಯಾಟಿಕ್ ತಗೊಂಡಿದ್ದೀರಾ? ಗರ್ಭಿಣಿಯಾ? ಮಗುವಿಗೆ ಹಾಲು ಕುಡಿಸುತ್ತಿದ್ದೀರಾ? ಥೈರಾಯ್ಡ್ ಇದೆಯಾ?

ಎರೆಹೊಲ:
ಇಂಥ ವಿಷಯಗಳನ್ನು ಎಲ್ಲರೂ ಓದುವ ಜಾಗದಲ್ಲಿ ಚರ್ಚೆ ಮಾಡುವುದು ಎಷ್ಟು ಸರಿ? ಮಕ್ಕಳೂ ಓದುತ್ತಾರೆ.

ಗುಮ್ಮಟದ ಗುಬ್ಬಿ:
ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ ಇದೆಲ್ಲ ಚಿತ್ರ ಸಮೇತ ಇದೆ ಅಣ್ಣಾ. ನಿಮಗೆ ಬೇಡ ಅಂದರೆ ಮುಂದಕ್ಕೆ ಹೋಗಿ.

ಕಬ್ಬಿನ ಹೊಲ:
ನಾನೂ ಗಂಡಸೇ, ಓದುತ್ತಿದ್ದೇನೆ. ನನ್ನ ಹೆಂಡತಿ ಇದನ್ನೇ ನನಗೆ ಹೇಳದೆ ತಿಂಗಳುಗಟ್ಟಲೆ ಅನುಭವಿಸಿದಳು. ಆಮೇಲೆ ಗೊತ್ತಾದದ್ದು ಸಕ್ಕರೆ ಕಾಯಿಲೆ. ತುರಿಕೆಯೇ ಮೊದಲ ಸುಳಿವು ಆಗಿತ್ತು, ಬಾಯಾರಿಕೆ ಗೀಯಾರಿಕೆ ಏನೂ ಇರಲಿಲ್ಲ. ಸಿಸ್ಟರ್, ಇದಕ್ಕೆ ಗಂಡನೂ ಔಷಧಿ ತಗೋಬೇಕಾ?

ಕರದಂಟು ಪ್ರೇಮಿ:
ಸಿಸ್ಟರ್‌ಗೆ ಒಂದು ಪ್ರಶ್ನೆ. ಅಯೋಡಿನ್ ಅಷ್ಟು ಕೆಟ್ಟದ್ದಾದರೆ ಅದೇ ಪೊವಿಡೋನ್ ಅಯೋಡಿನ್‌ನ ಒಳಗಿಡುವ ಗುಳಿಗೆ ಮೆಡಿಕಲ್‌ನಲ್ಲಿ ಯಾಕೆ ಮಾರುತ್ತಾರೆ? ನನಗೆ ಒಮ್ಮೆ ಡಾಕ್ಟರೇ ಬರೆದುಕೊಟ್ಟಿದ್ದರು. ಅದಕ್ಕೆ ಉತ್ತರ ಕೊಡಿ.

ಮೆಡಿಕಲ್ ಅಣ್ಣ:
ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಅಂಗಡಿ ಇರುವುದು ನನ್ನದು. ಹೌದು, ಇದೆ. 200 ಮಿಲಿಗ್ರಾಂ ಗುಳಿಗೆ. ಅದರ ಅಳತೆ ಗೊತ್ತಿರುತ್ತದೆ, ಎಷ್ಟು ದಿನ ಅಂತ ಡಾಕ್ಟರು ಬರೆದಿರುತ್ತಾರೆ, ಪೊಟ್ಟಣದ ಒಳಗಿನ ಚೀಟಿಯಲ್ಲಿ ಗರ್ಭಿಣಿಯರಿಗೆ, ಹಾಲುಣಿಸುವವರಿಗೆ, ಥೈರಾಯ್ಡ್ ಇರುವವರಿಗೆ ಬೇಡ ಅಂತ ಬರೆದಿರುತ್ತದೆ. ಆ ಚೀಟಿ ಯಾರೂ ಓದಲ್ಲ, ಅದು ಬೇರೆ ಮಾತು. ಗಾಯದ ಬಾಟಲಿ ಮೇಲೆ ಹೊರಗೆ ಹಚ್ಚಲು ಮಾತ್ರ ಅಂತ ಇರುತ್ತದೆ. ಮುಚ್ಚಳದ ಲೆಕ್ಕದಲ್ಲಿ ತಂಬಿಗೆಗೆ ಸುರಿಯುವವರಿಗೆ ಯಾವ ಅಳತೆ?

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅಯೋಡಿನ್‌ಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ತುರಿಕೆ ಅಂದ ಕೂಡಲೇ ಜನ ಕೇಳುವುದು ಆ ಮೂರ್ನಾಲ್ಕು ಔಷಧಿ ಬೆರೆಸಿದ ಟ್ಯೂಬು. ಒಂದು ಫಂಗಸ್‌ಗೆ, ಒಂದು ಬ್ಯಾಕ್ಟೀರಿಯಾಗೆ, ಜೊತೆಗೆ ಕ್ಲೋಬೆಟಸೋಲ್ ಥರದ ಜೋರಾದ ಸ್ಟೀರಾಯ್ಡ್. ಹಚ್ಚಿದ ರಾತ್ರಿಯೇ ತುರಿಕೆ ಮಾಯ. ಫಂಗಸ್ ಒಳಗೊಳಗೇ ಬೆಳೆಯುತ್ತದೆ, ಚರ್ಮ ತೆಳ್ಳಗಾಗುತ್ತದೆ. ಗಂಡ ಹೆಂಡತಿ ಮಕ್ಕಳು ಎಲ್ಲರೂ ಒಂದೇ ಟ್ಯೂಬು ಹಚ್ಚುವ ಮನೆಗಳಿವೆ. ನಾನು ಕೊಡಲ್ಲ ಅಂದರೆ ಎದುರಿನ ಅಂಗಡಿಗೆ ಹೋಗುತ್ತಾರೆ.

ಟೋಪತೆನಿ:
ಎದುರಿನವರು ಕೊಡುತ್ತಾರೆ ಅಂತ ನೀವೂ ಕೊಡುತ್ತೀರಾ?

ಮೆಡಿಕಲ್ ಅಣ್ಣ:
ನಾನು ಡಾಕ್ಟರ ಚೀಟಿ ಕೇಳುತ್ತೇನೆ ಅಕ್ಕಾರೇ. ಅದಕ್ಕೇ ಅಲ್ಲಿ ಗಿರಾಕಿ ಜಾಸ್ತಿ.

ಮಲಪ್ರಭಾ ದಂಡೆ:
ಸಿಸ್ಟರ್, ಒಡೆದ ಹಾಲಿನ ಹಾಗೇ ಇದೆ. ವಾಸನೆ ಏನಿಲ್ಲ. ಮೂತ್ರ ಹೋಗುವಾಗ ಹೊರಗೆ ಉರಿ. ಹಲ್ಲು ನೋವಿಗೆ ಆಂಟಿಬಯಾಟಿಕ್ ಕೊಟ್ಟಿದ್ದರು, ಅದು ಮುಗಿದ ಮೇಲೆ ಇದು ಶುರುವಾಯಿತು. ಸಕ್ಕರೆ ಬಸುರಿಯಲ್ಲಿ ಸ್ವಲ್ಪ ಜಾಸ್ತಿ ಇದೆ ಅಂದಿದ್ದರು, ಹೆರಿಗೆ ಆದ ಮೇಲೆ ನೋಡಿಸಿಲ್ಲ. ಮಗುವಿಗೆ ಈಗ ಐದು ತಿಂಗಳು, ಹಾಲು ನನ್ನದೇ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ರಾತ್ರಿಪಾಳಿ ಸಿಸ್ಟರ್:
ಇದೆ ತಂಗಿ. ಆ ಬಾಟಲಿ ಗಾಯಕ್ಕೆ ಬೇಕಾಗುತ್ತದೆ, ಮೇಲೆ ಎತ್ತಿಡು. ಒಳಗಿನ ಚರ್ಮ ತೆಳು, ಅಯೋಡಿನ್ ಅಲ್ಲಿಂದ ರಕ್ತಕ್ಕೆ ಹೋಗುತ್ತದೆ, ರಕ್ತದಿಂದ ಹಾಲಿಗೆ. ಹಾಲಿನಲ್ಲಿ ಅದು ಇನ್ನೂ ಜಾಸ್ತಿ ಸೇರಿಕೊಳ್ಳುತ್ತದೆ. ಚಿಕ್ಕ ಮಗುವಿಗೆ ಅಯೋಡಿನ್ ಅತಿಯಾದರೆ ಅದರ ಥೈರಾಯ್ಡ್ ಕೆಲಸ ನಿಲ್ಲಿಸಿಬಿಡಬಹುದು. ಬೆಳವಣಿಗೆಗೆ, ಮೆದುಳಿಗೆ ಬೇಕಾದ ಹಾರ್ಮೋನು ಅದು. ಗರ್ಭಿಣಿಯರಲ್ಲೂ ಇದೇ ಚಿಂತೆ, ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಮೂರನೇ ತಿಂಗಳ ಹೊತ್ತಿಗೇ ಅಯೋಡಿನ್ ಎಳೆದುಕೊಳ್ಳಲು ಶುರು ಮಾಡುತ್ತದೆ.

ನೀನು ಹೇಳಿದ್ದನ್ನು ಕೇಳಿದರೆ ಕ್ಯಾಂಡಿಡಾ ಅನ್ನುವ ಫಂಗಸ್ ಅನಿಸುತ್ತದೆ. ಆಂಟಿಬಯಾಟಿಕ್ ಆದ ಮೇಲೆ ಬರುವುದು ಸಾಮಾನ್ಯ. ಆದರೂ ನೋಡದೆ ಹೇಳಲಾಗದು, ಯಾಕಂದರೆ ಹಾಲುಣಿಸುವಾಗ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಒಳಗೆ ಒಣಗುತ್ತದೆ, ಆ ಒಣಗಿದ್ದಕ್ಕೂ ಉರಿ ತುರಿಕೆ ಬರುತ್ತದೆ. ಕ್ಯಾಂಡಿಡಾ ಆಗಿದ್ದರೆ ಕ್ಲೋಟ್ರಿಮಜೋಲ್ ಒಳಗಿಡುವ ಗುಳಿಗೆ ಕೊಡುತ್ತಾರೆ, ಹಾಲುಣಿಸುವವರಿಗೂ ನಡೆಯುತ್ತದೆ. ಬಸುರಿಯಲ್ಲಿ ಸಕ್ಕರೆ ಏರಿದ್ದವರು ಹೆರಿಗೆಯಾಗಿ 6ರಿಂದ 12 ವಾರದೊಳಗೆ ಮತ್ತೆ ನೋಡಿಸಬೇಕು. ನೀನು ನೋಡಿಸಿಲ್ಲ. ಅತ್ತೆಗೆ ಅದನ್ನೇ ಹೇಳು, ಸಕ್ಕರೆ ನೋಡಿಸಲು ಹೋಗುತ್ತೇನೆ ಅಂತ. ಸುಳ್ಳೂ ಅಲ್ಲ.

ಕಬ್ಬಿನ ಹೊಲದವರಿಗೆ: ಕ್ಯಾಂಡಿಡಾ ಆದರೆ ಗಂಡನಿಗೂ ತುರಿಕೆ ಕೆಂಪು ಇದ್ದರೆ ಮಾತ್ರ ಔಷಧಿ. ಟ್ರೈಕೊಮೊನಾಸ್ ಅಂತ ಒಂದಿದೆ, ನೊರೆ ನೊರೆ ಹಳದಿ ಹಸಿರು. ಅದು ಸಂಬಂಧದಿಂದ ಹರಡುವುದು. ಇಬ್ಬರೂ ಒಟ್ಟಿಗೆ ಗುಳಿಗೆ ತಗೊಳ್ಳದಿದ್ದರೆ ಹೆಂಡತಿಗೆ ಮತ್ತೆ ಮತ್ತೆ ಬರುತ್ತದೆ.

ಕರದಂಟು ಪ್ರೇಮಿ:
ಹಾಲುಣಿಸುವ ವಿಷಯ ಅವರು ಮೊದಲೇ ಹೇಳಬೇಕಿತ್ತು. ನನ್ನ ಮಕ್ಕಳು ಕಾಲೇಜಿಗೆ ಹೋಗುತ್ತಾರೆ, ನನಗೆ ಆ ಭಯ ಇಲ್ಲ. ಥೈರಾಯ್ಡ್ ಗುಳಿಗೆ ಒಂದು ದಿನಾ ಬೆಳಿಗ್ಗೆ ತಗೋತೀನಿ, ಅದು ಬಿಟ್ಟರೆ ಗಟ್ಟಿಮುಟ್ಟು.

ಬಿಳಿಜೋಳ:
ಅಕ್ಕಾ!!! ಥೈರಾಯ್ಡ್ ಗುಳಿಗೆ ತಗೊಳ್ಳುತ್ತಾ ವರ್ಷಗಟ್ಟಲೆ ಅಯೋಡಿನ್ ನೀರಾ?

ಕರದಂಟು ಪ್ರೇಮಿ:
ಥೈರಾಯ್ಡ್‌ಗೆ ಅಯೋಡಿನ್ ಒಳ್ಳೆಯದೇ ಅಲ್ವಾ? ಉಪ್ಪಿಗೇ ಹಾಕುತ್ತಾರೆ ಸರ್ಕಾರದವರು.

ಬಿಳಿಜೋಳ:
ಉಪ್ಪಿಗೆ ಹಾಕುವುದು ಎಷ್ಟು ಅಂತ ಕೇಳಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. 10 ಪರ್ಸೆಂಟಿನ ಪೊವಿಡೋನ್ ಅಯೋಡಿನ್‌ನಲ್ಲಿ ಕೆಲಸಕ್ಕೆ ಬರುವ ಅಯೋಡಿನ್ 1 ಪರ್ಸೆಂಟು, ಅಂದರೆ 1 ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ. ಹತ್ತು ಸಾವಿರ ಮೈಕ್ರೋಗ್ರಾಂ ಆಯಿತು. ಎರಡು ತಿಂಗಳಿಗೆ ಬೇಕಾದಷ್ಟು ಒಂದೇ ಮಿಲಿಲೀಟರಿನಲ್ಲಿ. ಎರಡು ಮುಚ್ಚಳ ಅಂದರೆ ನೀವೇ ಗುಣಿಸಿ. ಎಲ್ಲವೂ ರಕ್ತಕ್ಕೆ ಹೋಗಲ್ಲ, ಸ್ವಲ್ಪ ಹೋದರೂ ಜಾಸ್ತಿಯೇ. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಕಡಿಮೆಯಾದರೂ ಕಷ್ಟ, ವಿಪರೀತವಾದರೂ ಕಷ್ಟ. ಕೆಲವರಿಗೆ ನಿಧಾನವಾಗುತ್ತದೆ, ಕೆಲವರಿಗೆ ಓಡುತ್ತದೆ.

ಕೊಲ್ಹಾರ ಮೊಸರು:
ಉಪ್ಪಿನ ಮಾತು ಬಂತಲ್ಲ, ನಮ್ಮಜ್ಜಿಗೆ ದೊಡ್ಡ ಗಳಗಂಡ ಇತ್ತು. ಕಲ್ಲುಪ್ಪೇ ತಿನ್ನುತ್ತಿದ್ದರು. ದೇಶದಲ್ಲಿ ಗಳಗಂಡ ತಡೆಯುವ ಕಾರ್ಯಕ್ರಮ 1962ರಲ್ಲೇ ಶುರುವಾಯಿತು ಅಂತ ಓದಿದ್ದೆ, ಅಜ್ಜಿಗೆ ಆ ಸುದ್ದಿ ಮುಟ್ಟಲೇ ಇಲ್ಲ. ಈಗ ನೋಡಿದರೆ ಮತ್ತೆ ಎಲ್ಲರೂ ಕಲ್ಲುಪ್ಪು, ಪಿಂಕ್ ಉಪ್ಪು ಅಂತ ಹೊರಟಿದ್ದಾರೆ. ಅದರಲ್ಲಿ ಅಯೋಡಿನ್ ಹಾಕಿರುವುದಿಲ್ಲ ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಸರಿ, ವಿಷಯಕ್ಕೆ ಬರುತ್ತೇನೆ. ಅಯೋಡಿನ್ ಬಿಡಿ, ಮೊಸರು ಹಚ್ಚಿ. ನಮ್ಮ ಕಡೆ ಗಟ್ಟಿ ಮೊಸರು, ತಂಪು. ಬೇವಿನ ಎಲೆ ಕುದಿಸಿದ ನೀರೂ ಒಳ್ಳೆಯದು. ಪಟಕ (ಆಲಮ್) ಸ್ವಲ್ಪ ಹಾಕಿದರೆ ಬಿಗಿಯೂ ಆಗುತ್ತದೆ.

ಟೋಪತೆನಿ:
ಕೊಲ್ಹಾರದ ಮೊಸರು ರೊಟ್ಟಿ ಜೊತೆ ತಿನ್ನಲು ಇರುವುದು, ಅದನ್ನು ಎಲ್ಲಿಗೆ ಒಯ್ಯುತ್ತಿದ್ದೀರಿ!

ರಾತ್ರಿಪಾಳಿ ಸಿಸ್ಟರ್:
ಮೊಸರಿನಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಬೇರೆ ಜಾತಿಯವು, ಯೋನಿಯಲ್ಲಿರುವವು ಬೇರೆ ಜಾತಿಯವು. ಹೊರಗೆ ಹಚ್ಚಿದರೆ ತಂಪು ಸಿಗುತ್ತದೆ, ರೋಗ ಹೋಗುವುದಿಲ್ಲ. ಪಟಕ ಅಂತೂ ಬೇಡವೇ ಬೇಡ. ಬಿಗಿ ಆಗುವುದು ಅಂದರೆ ಅಲ್ಲಿನ ಚರ್ಮ ಒಣಗಿ ಸೆಟೆದುಕೊಳ್ಳುವುದು. ಆಮೇಲೆ ಸಣ್ಣ ಸಣ್ಣ ಬಿರುಕು. ಪಟಕ ಇಟ್ಟುಕೊಂಡು ಹುಣ್ಣು ಮಾಡಿಕೊಂಡು ಬಂದವರನ್ನು ವಾರ್ಡಿನಲ್ಲಿ ನೋಡಿದ್ದೇನೆ. ಡೆಟಾಲ್ ನೀರು, ಸುಗಂಧದ ಸೋಪು, ಆ ಜಾಹೀರಾತಿನ ಇಂಟಿಮೇಟ್ ವಾಶ್, ಯಾವುದೂ ಒಳಗೆ ಬೇಡ.

ಗುಮ್ಮಟದ ಗುಬ್ಬಿ:
ನಾನು ಆಶಾ ಕಾರ್ಯಕರ್ತೆ, ವಿಜಯಪುರ ಜಿಲ್ಲೆ. ಮನೆ ಮನೆ ತಿರುಗುವಾಗ ಕೇಳುವ ಮಾತು ಹೇಳುತ್ತೇನೆ. ಬಿಳಿ ಹೋದರೆ ಎಲುಬು ಕರಗಿ ಹೋಗುತ್ತದೆ ಅಂತ ಇವತ್ತಿಗೂ ನಂಬುತ್ತಾರೆ. ಸೊಂಟ ನೋವು, ಸುಸ್ತು, ಎಲ್ಲಕ್ಕೂ ಬಿಳಿಯೇ ಕಾರಣ. ತಿಂಗಳ ನಡುವೆ ಮೊಟ್ಟೆಯ ಲೋಳೆಯ ಹಾಗೆ ಹೋಗುವುದು, ಬಸುರಿಯಲ್ಲಿ ಸ್ವಲ್ಪ ಜಾಸ್ತಿ ಹೋಗುವುದು ಮಾಮೂಲಿ. ಸುಸ್ತು ಇದ್ದರೆ ರಕ್ತ ಕಡಿಮೆ ಇರಬಹುದು, ಹಿಮೋಗ್ಲೋಬಿನ್ ನೋಡಿಸಬೇಕು. ಅದನ್ನು ಬಿಟ್ಟು ಮಾಮೂಲಿ ಬಿಳಿಯನ್ನೂ ರೋಗ ಅಂದುಕೊಂಡು ತೊಳೆದು ತೊಳೆದು ನಿಜವಾದ ರೋಗ ತಂದುಕೊಳ್ಳುತ್ತಾರೆ. ನಾನು ನೋಡಿದ ಅರ್ಧ ಮಂದಿ ಕಥೆ ಇದೇ.

ಕಬ್ಬು ಕಡಿಯಲು ಹೋಗುವವರ ಪರಿಸ್ಥಿತಿ ಇನ್ನೂ ಬೇರೆ. ಹೊಲದಲ್ಲಿ ಬಿಡಾರ, ನೀರಿಲ್ಲ, ಮುಟ್ಟಿನ ಬಟ್ಟೆ ಒಣಗಿಸಲು ಬಿಸಿಲಿಗೆ ಹಾಕಲು ನಾಚಿಕೆ, ಸೀರೆ ಕೆಳಗೆ ಮುಚ್ಚಿ ಒಣಗಿಸುತ್ತಾರೆ, ಅದು ಒಣಗುವುದೇ ಇಲ್ಲ. ಹಸಿ ಬಟ್ಟೆ ಕಟ್ಟಿಕೊಂಡು ದಿನವೆಲ್ಲ ಬಗ್ಗಿ ಕೆಲಸ. ಅವರಿಗೆ ಅಯೋಡಿನ್ ಬೇಡ ಅಂತ ಹೇಳುವ ಮೊದಲು ನೀರು ಕೊಡಬೇಕು.

ಅಂದ ಹಾಗೆ ಕ್ಯಾಂಪಿನಲ್ಲಿ ನನಗೂ ಗರ್ಭಚೀಲದ ಬಾಯಿಗೆ ಅಯೋಡಿನ್ ಹಚ್ಚಿದ್ದರು, ಸಿಸ್ಟರ್. ಅದು ಯಾಕೆ?

ರಾತ್ರಿಪಾಳಿ ಸಿಸ್ಟರ್:
ಅದು ಕ್ಯಾನ್ಸರ್ ತಪಾಸಣೆ. ಲ್ಯೂಗಾಲ್ ಅಯೋಡಿನ್ ಅಂತ, ಬೇರೆ ದ್ರಾವಣ. ಚೆನ್ನಾಗಿರುವ ಜೀವಕೋಶದಲ್ಲಿ ಗ್ಲೈಕೋಜನ್ ಇರುತ್ತದೆ, ಅಯೋಡಿನ್ ತಾಗಿದರೆ ಗಾಢ ಕಂದು ಆಗುತ್ತದೆ. ಕೆಟ್ಟ ಜಾಗ ಹಳದಿಯಾಗಿಯೇ ಉಳಿಯುತ್ತದೆ. ಅದು ಔಷಧಿ ಅಲ್ಲ, ಬಣ್ಣ ನೋಡಲು ಹಚ್ಚುವುದು. ಈಗ ಹೆಚ್ಚಿನ ಕಡೆ ಅಸಿಟಿಕ್ ಆಸಿಡ್ ಹಚ್ಚಿ ನೋಡುತ್ತಾರೆ, ಸರ್ಕಾರಿ ಆಸ್ಪತ್ರೆಯಲ್ಲಿ 30 ದಾಟಿದವರಿಗೆ. ಮಾಡಿಸಿಕೊಳ್ಳಿ ಎಲ್ಲರೂ.

ಬಿಳಿಜೋಳ:
ಗೊತ್ತಾಯಿತಾ, ಶಾಲೆಯಲ್ಲಿ ಆಲೂಗಡ್ಡೆಗೆ ಅಯೋಡಿನ್ ಹಾಕಿದರೆ ಕಪ್ಪು ನೀಲಿ ಆಗುತ್ತಿತ್ತಲ್ಲ, ಅದೇ ಕುಟುಂಬದ ಲೆಕ್ಕ. ಅಲ್ಲಿ ಪಿಷ್ಟ, ಇಲ್ಲಿ ಗ್ಲೈಕೋಜನ್.

ಟೋಪತೆನಿ:
ಈಗ ಅರ್ಥ ಆಯಿತು ನೋಡಿ! ಗಂಜಿ ಹಾಕಿದ ಇಳಕಲ್ ಸೀರೆಗೆ ಮಗನ ಗಾಯದ ಔಷಧಿ ಬಿದ್ದು ಕಂದು ಬದಲು ನೀಲಿ ಕಲೆ ಆಗಿದೆ. ಮೆಡಿಕಲ್‌ನವರು ಕಲಬೆರಕೆ ಔಷಧಿ ಕೊಟ್ಟರು ಅಂತ ಜಗಳ ಮಾಡಿ ಬಂದಿದ್ದೆ. ಕಲೆ ಹೋಗಲು ಏನು ಮಾಡಲಿ?

ಬಿಳಿಜೋಳ:
ಲಿಂಬೆರಸ ಅಥವಾ ವಿಟಮಿನ್ ಸಿ ಗುಳಿಗೆ ನೀರಿನಲ್ಲಿ ಕರಗಿಸಿ ಹಚ್ಚಿ, ಬಣ್ಣ ಹೋಗುತ್ತದೆ. ರೇಷ್ಮೆ ಸೆರಗಿಗೆ ಹಚ್ಚುವ ಮೊದಲು ಒಳಗಿನ ಅಂಚಿನಲ್ಲಿ ನೋಡಿ, ಸೀರೆಯ ಬಣ್ಣವೇ ಎದ್ದು ಬಂದರೆ ನನ್ನನ್ನು ಬೈಯಬೇಡಿ.

ಮೆಡಿಕಲ್ ಅಣ್ಣ:
ಜಗಳ ಮಾಡಿದ್ದು ನನ್ನ ಅಂಗಡಿಯಲ್ಲಿ ಅಲ್ಲ ತಾನೇ?

ಮಲಪ್ರಭಾ ದಂಡೆ:
ಸೀರೆ ಆಮೇಲೆ. ಹೆಂಗಸರು ಡಾಕ್ಟರು ಇರುವ ಕಡೆ, ಖರ್ಚು ಜಾಸ್ತಿ ಆಗದ ಕಡೆ ಹೇಳಿ. ಗಂಡನ ಹತ್ತಿರ ಹೇಳಿದ್ದೇನೆ, ಬರುತ್ತೇನೆ ಅಂದಿದ್ದಾರೆ.

ಗುಮ್ಮಟದ ಗುಬ್ಬಿ:
ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿ ಲೈಂಗಿಕ ಸೋಂಕು, ಜನನಾಂಗದ ಸೋಂಕು ನೋಡುವ ಕ್ಲಿನಿಕ್ ಇರುತ್ತದೆ, ಸುರಕ್ಷಾ ಕ್ಲಿನಿಕ್ ಅಂತಾರೆ. ಬೋರ್ಡು ನೋಡಿ ಹೆದರಬೇಡಿ, ಬಿಳಿ ಸೆರಗಿಗೂ ಅದೇ ಜಾಗ. ಆಪ್ತ ಸಮಾಲೋಚಕರು ಮೊದಲು ಮಾತಾಡುತ್ತಾರೆ. ಔಷಧಿ ಬಣ್ಣದ ಪೊಟ್ಟಣದಲ್ಲಿ ಪುಕ್ಕಟೆ. ಯೋನಿಯ ಸೋಂಕಿಗೆ ಹಸಿರು ಕಿಟ್, ಕೆಳಹೊಟ್ಟೆ ನೋವು ಇದ್ದರೆ ಹಳದಿ ಕಿಟ್. ಹಾಲು ಕುಡಿಸುತ್ತಿದ್ದೇನೆ ಅಂತ ಮೊದಲೇ ಹೇಳಿ, ಅದಕ್ಕೆ ತಕ್ಕ ಔಷಧಿ ಕೊಡುತ್ತಾರೆ. ಹುಡುಗಿಯರಿಗಾದರೆ ಸ್ನೇಹಾ ಕ್ಲಿನಿಕ್ ಇದೆ. ಹೋಗುವ ಮೊದಲು ಕೇಳಬೇಕು ಅಂದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಗಂಡಸು ಡಾಕ್ಟರೇ ಇದ್ದರೂ ಪರೀಕ್ಷೆ ಮಾಡುವಾಗ ನರ್ಸ್ ಪಕ್ಕದಲ್ಲಿರಲಿ ಅಂತ ಕೇಳುವುದು ನಿಮ್ಮ ಹಕ್ಕು.

ಎರೆಹೊಲ:
ನನ್ನ ಮಾತು ವಾಪಸ್ ತಗೊಳ್ಳಲ್ಲ, ಆದರೆ ಆ 104 ನಂಬರ್ ಉಪಯೋಗಕ್ಕೆ ಬಂತು.

ಕರದಂಟು ಪ್ರೇಮಿ:
ಥೈರಾಯ್ಡ್ ಟೆಸ್ಟ್ ಹೇಗೂ ಮಾಡಿಸಬೇಕಿತ್ತು. ಅಯೋಡಿನ್ ವಿಷಯವನ್ನೂ ನಮ್ಮ ಡಾಕ್ಟರಿಗೇ ಕೇಳುತ್ತೇನೆ. ಇಲ್ಲಿ ಕೂಗಾಡಿದವರ ಮಾತಿಗೆ ಅಲ್ಲ.

ಬಿಳಿಜೋಳ:
ಯಾರ ಮಾತಿಗಾದರೂ ಆಗಲಿ, ಹೋಗಿ. ಟೆಸ್ಟ್ ಮಾಡಿಸುವಾಗ ಅಯೋಡಿನ್ ಬಳಸುತ್ತಿದ್ದೆ ಅಂತ ಹೇಳುವುದನ್ನು ಮರೆಯಬೇಡಿ. ಇಲ್ಲ ಅಂದರೆ ಸುಮ್ನೆ ಗುಳಿಗೆಯ ಪವರ್ ಏರಿಸುತ್ತಾರೆ.

ಕೊಲ್ಹಾರ ಮೊಸರು:
ಸಿಸ್ಟರ್, ಕೊನೆಯದಾಗಿ ನನ್ನದೂ ಒಂದು. ನಮ್ಮ ಅತ್ತೆಗೆ ಮುಟ್ಟು ನಿಂತು ಹತ್ತು ವರ್ಷದ ಮೇಲಾಯಿತು. ತುರಿಕೆ ಇದೆ, ಒಂದೊಂದು ಸಲ ಬಟ್ಟೆಗೆ ರಕ್ತದ ಕಲೆ. ಬೇವಿನ ನೀರು ಹಾಕಿ ಕೂರಿಸುತ್ತಿದ್ದೇವೆ.

ರಾತ್ರಿಪಾಳಿ ಸಿಸ್ಟರ್:
ಬೇವಿನ ನೀರು ಇವತ್ತೇ ನಿಲ್ಲಿಸಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಬಂದರೂ ತೋರಿಸಲೇಬೇಕು. ಒಳಗೆ ಒಣಗಿ ಬಂದಿರಬಹುದು, ಗರ್ಭಚೀಲದ ಕ್ಯಾನ್ಸರೂ ಹೀಗೇ ಶುರುವಾಗುತ್ತದೆ. ಪರೀಕ್ಷೆ ಮಾಡದೆ ಬೇರೆ ಮಾಡಲು ಆಗಲ್ಲ. ಈ ವಾರದಲ್ಲೇ ಕರೆದುಕೊಂಡು ಹೋಗಿ, ಹಬ್ಬ ಮುಗಿಯಲಿ ಅಂತ ಕಾಯಬೇಡಿ.

ಕೊಲ್ಹಾರ ಮೊಸರು:
ಯಾವ ವಿಭಾಗ?

ರಾತ್ರಿಪಾಳಿ ಸಿಸ್ಟರ್:
ಸ್ತ್ರೀರೋಗ ವಿಭಾಗ. ಬೆಳಿಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸಿ. ಬಿಪಿ, ಸಕ್ಕರೆ ಗುಳಿಗೆ ಏನು ತಗೊಳ್ಳುತ್ತಾರೋ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹಿಂದಿನ ದಿನದಿಂದ ಒಳಗೆ ಏನನ್ನೂ ಹಚ್ಚಬಾರದು.